ಬೋರ್‌ವೆಲ್ ನೀರಿನ ಪರೀಕ್ಷೆ: ಮೇ ತಿಂಗಳಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ

ಬೋರ್ ಕೊರೆಸಿದ ವರ್ಷ ಮಾಡಿಸಿದ ನೀರಿನ ರಿಪೋರ್ಟನ್ನೇ ನಂಬಿಕೊಂಡು ಹತ್ತು ವರ್ಷ ಕುಡಿಯುವವರಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಇದು ನಡೆಯದ ಮಾತು. ಅಲ್ಲಿನ ನೀರು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಬೇಸಿಗೆಯಲ್ಲಿ ಮಟ್ಟ ಇಳಿದಾಗ ಮೋಟರ್ ಎಳೆಯುವುದು ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತ ನೀರನ್ನು. ಗ್ರಾನೈಟ್‌ನಿಂದ ಫ್ಲೋರೈಡ್ ಕರಗಿ ಬಂದಿರುತ್ತದೆ, ಉಪ್ಪಿನಂಶವೂ ಜಾಸ್ತಿ. ಮಳೆ ಬಂದರೆ ಇವು ಸಾಮಾನ್ಯವಾಗಿ ತಗ್ಗುತ್ತವೆ. ಆದರೆ ಅದೇ ಮಳೆ ಹೊಲದ ಯೂರಿಯಾವನ್ನೂ ತಿಪ್ಪೆಯ ಸಾರವನ್ನೂ ಕೆಳಗಿಳಿಸುತ್ತದೆ. ಹಾಗಾಗಿ ಮಳೆಗಾಲದ ನಂತರ ನೈಟ್ರೇಟ್ ಏರಬಹುದು. ಎಲ್ಲ ಬೋರ್‌ಗಳೂ ಹೀಗೇ ಅಂತಿಲ್ಲ, ಅದಕ್ಕೇ ಎರಡು ಸಲ ಪರೀಕ್ಷೆ.

ಮೊದಲು ಒಂದು ಲೀಟರ್‌ನ ಪ್ಲಾಸ್ಟಿಕ್ ಬಾಟಲಿ ಹುಡುಕಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಮೋಟರ್ ಹಾಕಿ ಹತ್ತು–ಹದಿನೈದು ನಿಮಿಷ ಸುಮ್ನೆ ನೀರು ಬಿಡಿ. ಮೊದಲು ಬರುವುದು ಪೈಪಿನಲ್ಲಿ ನಿಂತಿದ್ದ ನೀರು, ಅಲ್ವಾ? ಟ್ಯಾಂಕಿನಿಂದ ಹಿಡಿಯಬೇಡಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಕಂಠದವರೆಗೆ ತುಂಬಿ ಮುಚ್ಚಿ. ತಾರೀಖು, ಬೋರ್‌ನ ಆಳ, ಕೊನೆಯ ಸಲ ಗೊಬ್ಬರ ಹಾಕಿದ ದಿನ ಬರೆದು ಅಂಟಿಸಿ. ತಣ್ಣಗಿಟ್ಟು ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ ಲ್ಯಾಬ್‌ಗೆ ತಲುಪಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್‌ನವರಿಂದಲೇ ಶುದ್ಧೀಕರಿಸಿದ ಬೇರೆ ಬಾಟಲಿ ಪಡೆಯಿರಿ.

ಕೈಯಲ್ಲಿ ಹಿಡಿಯುವ ಟಿಡಿಎಸ್ ಪೆನ್ ಸಾಕು ಎನ್ನುವವರ ಮಾತು ಕೇಳಬೇಡಿ. ಅದು ಒಟ್ಟು ಉಪ್ಪಿನ ಅಂದಾಜು ಕೊಡುತ್ತದೆ ಅಷ್ಟೇ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ರಿಪೋರ್ಟ್ ಬಂದಾಗ ಮೊದಲು ಎರಡು ಸಾಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರ್‌ಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್‌ಗೆ ಮಿತಿ 45, ಅದರಲ್ಲಿ ರಿಯಾಯಿತಿ ಇಲ್ಲ. ಹಸುಗೂಸಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕುದಿಸಿದರೆ ಎರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತವೆ.

ಬೆಳೆಗಾದರೆ ನೋಡಬೇಕಾದ್ದು ಇ.ಸಿ., ಅಂದರೆ ನೀರಿನ ವಿದ್ಯುತ್ ವಾಹಕತೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ. ಅದು ಸೆಂಟಿಮೀಟರ್‌ಗೆ 750 ಮೈಕ್ರೋಸೀಮೆನ್ಸ್ ಒಳಗಿದ್ದರೆ ಚಿಂತೆ ಕಡಿಮೆ. 2250 ದಾಟಿದರೆ ಆ ನೀರನ್ನು ನಂಬಿ ಬೇಸಿಗೆಯಲ್ಲಿ ಬೀನ್ಸ್ ಹಾಕಲು ಹೋಗಬೇಡಿ.