ಸವಾಯಿ ಗಂಧರ್ವ ಮಹೋತ್ಸವ: ರಮಣಬಾಗ ಬಿಟ್ಟ ಮೇಲೆ ಹೋಗಿ ಕೇಳುವ ಬಗೆ

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ರಸಿಕರಿಗೆ ಪುಣೆಯ ಹಿಂದುಸ್ತಾನಿ ಸಂಗೀತೋತ್ಸವವಾದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಪರಊರಿನದೆಂದು ಅನಿಸುವುದೇ ಇಲ್ಲ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ಬಳಿ ಕಲಿತ ಗದುಗಿನ ಭೀಮಸೇನ ಜೋಶಿಯವರು ಜತೆಗಾರರೊಡನೆ ಸೇರಿ ಮರುವರ್ಷವೇ ಗುರುವಿನ ನೆನಪಿಗೆ ಈ ಉತ್ಸವವನ್ನು ಆರಂಭಿಸಿದರು. ಆರ್ಯ ಸಂಗೀತ ಪ್ರಸಾರಕ ಮಂಡಳ ನಡೆಸುವ ಈ ಉತ್ಸವ ಹಲವು ದಶಕ ಹಳೆಯ ಪುಣೆಯ ಬಡಾವಣೆಯಾದ ಶನಿವಾರ ಪೇಠೆಯ ರಮಣಬಾಗ ಶಾಲೆಯ ಮೈದಾನದಲ್ಲಿದ್ದು, 2018ರ ಡಿಸೆಂಬರಿನಲ್ಲಿ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಕ್ರೀಡಾ ಸಂಕುಲಕ್ಕೆ ಸ್ಥಳಾಂತರಗೊಂಡಿತು. ರಮಣಬಾಗದ ಗಮ್ಮತ್ತು ಇಲ್ಲಿಲ್ಲ ಎಂಬ ಗೊಣಗಾಟ ಹಳಬರ ನಡುವೆ ಇನ್ನೂ ಪೂರ್ತಿ ನಿಂತಿಲ್ಲ. ಹಳೆಯ ಅಂಗಳದ ರೂಢಿಯಲ್ಲೇ ಹೊರಟು ಹೊಸ ಅಂಗಳದಲ್ಲಿ ಪರದಾಡುವುದಕ್ಕಿಂತ, ಬದಲಾದದ್ದೇನು, ಬದಲಾಗದೆ ಇರುವುದೇನು ಎಂದು ತಿಳಿದು ಹೋಗುವುದು ಒಳ್ಳೆಯದು.

ಮೊದಲು ವಸತಿಯ ಮಾತು. ರಮಣಬಾಗದ ಕಾಲದಲ್ಲಿ ಶನಿವಾರ, ನಾರಾಯಣ, ಸದಾಶಿವ ಪೇಠೆಗಳಲ್ಲಿ ನೆಂಟರ ಮನೆಯಲ್ಲಿ ಇಳಿದುಕೊಂಡು ನಡೆದೇ ಹೋಗಿಬರುವ ವಾಡಿಕೆಯಿತ್ತು. ಪೇಠೆಯವರಿಗೆ ಹೆಚ್ಚು ನೋವಾದದ್ದೂ ಇದೇ ಕಾರಣಕ್ಕೆ: ಊಟ ಮುಗಿಸಿ ಶಾಲು ಹೊದ್ದು ಹೋಗಿ ಬರುತ್ತಿದ್ದ ಉತ್ಸವಕ್ಕೆ ಈಗ ವಾಹನ ಹತ್ತಬೇಕಾಯಿತು. ನಮ್ಮ ಕಡೆಯಿಂದ ಹೋಗುವವರಿಗೆ ಮಾತ್ರ ಈ ಬದಲಾವಣೆ ಒಂದು ಲೆಕ್ಕದಲ್ಲಿ ಅನುಕೂಲವೇ. ಸಾತಾರಾ, ಕೊಲ್ಹಾಪುರ ದಿಕ್ಕಿನ ಬಸ್ಸುಗಳು ಬಂದು ನಿಲ್ಲುವ ಸ್ವಾರಗೇಟ್ ನಿಲ್ದಾಣ ಮುಕುಂದನಗರಕ್ಕೆ ಹತ್ತಿರವಿದೆ. ಅಲ್ಲಿಂದ ರಿಕ್ಷಾದಲ್ಲಿ ಸ್ವಲ್ಪ ಹೊತ್ತಿನ ದಾರಿ. ರೈಲಿನಲ್ಲಿ ಬರುವವರು ಪುಣೆ ನಿಲ್ದಾಣದಲ್ಲೇ ಮೆಟ್ರೊ ಹತ್ತಿ, ಜಿಲ್ಲಾ ನ್ಯಾಯಾಲಯದ ನಿಲ್ದಾಣದಲ್ಲಿ ಗಾಡಿ ಬದಲಿಸಿ, 2024ರ ಸೆಪ್ಟೆಂಬರಿನಲ್ಲಿ ತೆರೆದ ನೆಲದಡಿಯ ಮಾರ್ಗದಲ್ಲಿ ಸ್ವಾರಗೇಟಿಗೆ ಬರಬಹುದು. ಪೇಠೆಯ ನಂಟನ್ನು ಬಿಡಲೊಲ್ಲದವರು ಮಂಡಈ ಸುತ್ತಮುತ್ತ ಉಳಿದುಕೊಳ್ಳಲಿ. ಅಲ್ಲಿಂದ ಸ್ವಾರಗೇಟ್ ಮುಂದಿನ ಮೆಟ್ರೊ ನಿಲ್ದಾಣವೇ. ಆದರೆ ಜಾಗ ಒಮ್ಮೆ ಬದಲಾದ ಉತ್ಸವ ಇನ್ನೊಮ್ಮೆಯೂ ಬದಲಾಗಬಹುದಾದ್ದರಿಂದ, ಆ ವರ್ಷದ ಪ್ರಕಟಣೆಯಲ್ಲಿ ಮೈದಾನದ ಹೆಸರನ್ನು ಕಣ್ಣಾರೆ ಓದಿದ ಮೇಲೆಯೇ ಕೋಣೆಗೆ ಮುಂಗಡ ಕೊಡಿ.

ಎರಡನೆಯದು ಆಸನ. ಕುರ್ಚಿಯ ಟಿಕೆಟ್ಟೋ ನೆಲದ ಮೇಲೆ ಕೂರುವ ಭಾರತೀಯ ಬೈಠಕ್ಕೋ ಎಂಬ ಪ್ರಶ್ನೆಗೆ ಉತ್ತರವನ್ನು ನಿಮ್ಮ ಮೊಣಕಾಲು ಹೇಳಬೇಕು. ನೆಲದ ಮೇಲೆ ಸತತ ಆರೇಳು ತಾಸು ಕೂರಲಾಗದವರು ಅಗ್ಗವೆಂದು ಬೈಠಕ್ಕಿನ ಟಿಕೆಟ್ಟು ಕೊಂಡರೆ, ಖಯಾಲ್ ಗಾಯನದ ವಿಲಂಬಿತ ಲಯ, ಅಂದರೆ ನಿಧಾನಗತಿ, ಕಾಲುನೋವಿನ ಲೆಕ್ಕವಾಗಿಬಿಡುತ್ತದೆ. ಬೈಠಕ್ಕಿಗೆ ಹೋಗುವವರು ತೆಳ್ಳನೆಯ ಹಾಸು, ಒಂದು ಚಿಕ್ಕ ದಿಂಬು, ದಪ್ಪ ಶಾಲು ಒಯ್ಯಬೇಕು. ಡಿಸೆಂಬರಿನ ಪುಣೆಯಲ್ಲಿ ಮಧ್ಯಾಹ್ನ ಬಿಸಿಲು ಚುರುಕಾಗಿರುತ್ತದೆ, ರಾತ್ರಿ ನೆಲದಿಂದಲೇ ಚಳಿ ಏರುತ್ತದೆ. ಪೆಂಡಾಲಿನ ಬಟ್ಟೆ ಎರಡನ್ನೂ ಪೂರ್ತಿ ತಡೆಯುವುದಿಲ್ಲ.

ಕೂರುವ ಜಾಗವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಆರಿಸಿಕೊಳ್ಳಿ. ಮೊದಲ ಕಲಾವಿದರು ತಂಬೂರಿ ಶ್ರುತಿ ಮಾಡುವಾಗ ನಿಮ್ಮ ವಿಭಾಗದೊಳಗೇ ಒಂದೆರಡು ಕಡೆ ನಿಂತು ಕೇಳಿ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಸ್ಪಷ್ಟವಾಗಿ ಕೇಳಿಸಿ, ತಬಲಾ ಕೂಡಿಸುವಾಗ ಎಡಗೈಯ ಡಗ್ಗಾದ ಗುಮುಕು ಎದೆಗೆ ಗುದ್ದದಿದ್ದರೆ ಅದೇ ಸರಿಯಾದ ಜಾಗ. ಧ್ವನಿವರ್ಧಕದ ನೇರಕ್ಕೆ ಕೂತವರಿಗೆ ತಬಲಾ ಅಬ್ಬರಿಸುತ್ತದೆ, ತೀರ ಹಿಂದಿನವರಿಗೆ ತಂಬೂರಿ ಕರಗಿಹೋಗುತ್ತದೆ. ವೇದಿಕೆಗೆ ಹತ್ತಿರವಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ಮುಂದಕ್ಕೆ ನುಗ್ಗುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ.

ಇನ್ನು ಹೆಚ್ಚು ಎಚ್ಚರ ಬೇಕಾದ ವಿಷಯ: ಹೊಸ ಜಾಗದ ತಲೆಗೆ ಕಟ್ಟಿದ ದೂರುಗಳೆಲ್ಲ ಜಾಗದವಲ್ಲ. ಅಹೋರಾತ್ರಿ ಗಾಯನ ಹೋಯಿತು, ಬೆಳಗಿನ ಜಾವದ ಲಲತ, ಭೈರವ ರಾಗಗಳು ಹೋದವು ಎಂದು ಕೊರಗುವವರು ಅದನ್ನು ರಮಣಬಾಗದ ಜತೆ ಸೇರಿಸಿ ನೆನೆಯುತ್ತಾರೆ. ನಿಜದಲ್ಲಿ ಅದಕ್ಕೆ ಕಾರಣ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ ಈ ನಿಯಮದಲ್ಲಿ, ವರ್ಷದಲ್ಲಿ ಗರಿಷ್ಠ 15 ದಿನಗಳ ಮಟ್ಟಿಗೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರವಷ್ಟೇ ರಾಜ್ಯ ಸರ್ಕಾರಕ್ಕಿದೆ. ಉತ್ಸವ ರಮಣಬಾಗದಲ್ಲಿದ್ದಾಗಲೇ ರಾತ್ರಿ ಮೊಟಕಾಗಿತ್ತು. ಭೀಮಸೇನರು 2011ರ ಜನವರಿಯಲ್ಲಿ ತೀರಿಕೊಂಡರು. ಅವರಿಲ್ಲದ ಖಾಲಿತನವನ್ನೂ ಕೆಲವರು ತಿಳಿಯದೆಯೇ ಮೈದಾನದ ಲೆಕ್ಕಕ್ಕೆ ಬರೆಯುತ್ತಾರೆ. ದೂರ, ವಾಹನ ನಿಲುಗಡೆ, ಶೌಚಾಲಯ, ಧ್ವನಿ, ಸಾಲು: ಜಾಗದ ಮೇಲೆ ಹೊರಿಸಬಹುದಾದದ್ದು ಇಷ್ಟೇ. ಇವುಗಳ ಬಗ್ಗೆ ದೂರಿದ್ದರೆ ದಿನ, ಹೊತ್ತು, ವಿಭಾಗ ನಮೂದಿಸಿ ಸಂಘಟಕರಿಗೆ ನಾಲ್ಕು ಸಾಲು ಬರೆದು ಕೊಡಿ. ಬೈಠಕ್ಕಿನ ಎಡಬದಿಯಲ್ಲಿ ಇಂಥ ಹೊತ್ತಿನಿಂದ ಗಾಯಕರ ಧ್ವನಿ ಕೇಳಲಿಲ್ಲ ಎಂದರೆ ಮರುದಿನವೇ ಸರಿಪಡಿಸಬಹುದು. ಮೊದಲಿನ ಹಾಗಿಲ್ಲ ಎಂಬ ದೂರಿಗೆ ಯಾರೂ ಏನೂ ಮಾಡಲಾರರು.

ಕಛೇರಿಯ ಹೊತ್ತು ಬೇಗನೆಯಾದದ್ದರಿಂದ ಸಿಕ್ಕಿದ್ದೂ ಉಂಟು. ಮಧ್ಯಾಹ್ನವೇ ಆರಂಭವಾಗುವ ದಿನಗಳಲ್ಲಿ ಮಧ್ಯಾಹ್ನದ ರಾಗಗಳಾದ ಭೀಮಪಲಾಸ, ಮುಲ್ತಾನಿ, ಮಧುವಂತಿಗಳನ್ನು ಅವುಗಳ ಹೊತ್ತಿನಲ್ಲೇ ಕೇಳಬಹುದು. ಆಮೇಲೆ ಮಾರವಾ, ಪೂರಿಯಾ ಧನಾಶ್ರೀಗಳ ಸಂಧ್ಯಾಕಾಲ. ದೊಡ್ಡ ಹೆಸರಿನವರು ಕೊನೆಗೆ ಹಾಡುತ್ತಾರೆಂದು ರಾತ್ರಿ ಎಂಟಕ್ಕೆ ಬರುವವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ. ಮೊದಲು ಹಾಡುವವರು ಸಾಮಾನ್ಯವಾಗಿ ಕಿರಿಯರು. ಹತ್ತು ವರ್ಷದ ಮೇಲೆ ಕೊನೆಯ ಸರದಿಗೆ ಬರುವವರು ಅವರಲ್ಲೇ ಇರುತ್ತಾರೆ.

ಹೊಟ್ಟೆಯ ಚಿಂತೆ ಬೇಡ, ಅಂಗಳದಲ್ಲಿ ತಿಂಡಿಯ ಮಳಿಗೆಗಳಿರುತ್ತವೆ. ಆದರೆ ಒಬ್ಬರ ಹಾಡು ಮುಗಿದ ಕೂಡಲೇ ಎಲ್ಲರೂ ಅತ್ತ ಧಾವಿಸುವುದರಿಂದ, ಪಿಠಲ ಭಾಕರಿಯ (ಜುಣಕ, ರೊಟ್ಟಿಯ) ಸಾಲಿನಲ್ಲಿ ನಿಂತು ಮುಂದಿನವರ ಆಲಾಪವನ್ನು ದೂರದಿಂದ ಕೇಳಬೇಕಾದೀತು. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದವರೇ ಜಾಣರು.

ಶನಿವಾರ ಮಧ್ಯರಾತ್ರಿಯವರೆಗೆ ಅನುಮತಿ ಸಿಕ್ಕ ವರ್ಷಗಳಲ್ಲಿ ಮರಳುವಾಗ ಮೆಟ್ರೊ ಇರುವುದಿಲ್ಲವಾದ್ದರಿಂದ, ರಿಕ್ಷಾ ಹಂಚಿಕೊಳ್ಳಲು ಅಕ್ಕಪಕ್ಕದವರನ್ನು ಮೊದಲೇ ಮಾತನಾಡಿಸಿಡಿ. ಭಾನುವಾರದ ಕೊನೆಯ ಗಾಯನ ಮುಗಿದ ಮೇಲೂ ಎದ್ದು ಹೊರಡಬೇಡಿ. ಸವಾಯಿ ಗಂಧರ್ವರದೇ ಧ್ವನಿಯಲ್ಲಿರುವ ಹಳೆಯ ಭೈರವಿ ಠುಮ್ರಿಯ ಮುದ್ರಿಕೆಯನ್ನು ಹಾಕಿ ಉತ್ಸವ ಮುಗಿಸುವ ಸಂಪ್ರದಾಯ ರಮಣಬಾಗದಿಂದ ಇಲ್ಲಿಗೂ ಬಂದಿದೆ. ಆದ್ದರಿಂದ ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟ್ಟು ಕಾಯ್ದಿರಿಸದೆ, ಸೋಮವಾರ ಹೊರಡುವ ಗಾಡಿಯನ್ನೇ ನೋಡಿಕೊಳ್ಳಿ.