ಕೊಡಗಿನ ಚಳಿ, ಮಳೆಯಲ್ಲಿ ಥಂಬ್ ಟಿಪ್: ನನ್ನ ಅನುಭವ

ಥಂಬ್ ಟಿಪ್ ಎಂದರೆ ಜಾದೂ ಮಾಡುವವರು ಹೆಬ್ಬೆರಳಿಗೆ ತೊಡುವ, ಬೆರಳ ತುದಿಯಂತೆಯೇ ಕಾಣುವ ಟೊಳ್ಳು ಕವಚ; ಕರ್ಚೀಫು, ಉಪ್ಪು ‘ಮಾಯ’ವಾಗುವುದು ಅದರೊಳಗೇ. ಅದನ್ನು ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬಣ್ಣ ನೋಡುತ್ತಾರೆ. ನಾನು ಅಳತೆ ನೋಡುತ್ತೇನೆ. ನಮ್ಮ ಕೊಡಗಿನಲ್ಲಂತೂ ಅಳತೆಯ ಮಾತೇ ದೊಡ್ಡದು. ಡಿಸೆಂಬರ್ ರಾತ್ರಿ ಮಡಿಕೇರಿಯ ಹೋಂಸ್ಟೇ ಅಂಗಳದಲ್ಲಿ ಬೆರಳು ಮರಗಟ್ಟಿ ಸಣ್ಣಗಾಗಿರುತ್ತದೆ, ಚರ್ಮ ಒಣಗಿರುತ್ತದೆ, ಮನೆಯಲ್ಲಿ ಬಿಗಿಯಾಗಿ ಕೂತಿದ್ದ ಟಿಪ್ ಅಲ್ಲಿ ಜಾರತೊಡಗುತ್ತದೆ. ಅದೇ ಟಿಪ್ ಏಪ್ರಿಲ್ ಮಧ್ಯಾಹ್ನ ಕುಶಾಲನಗರದ ಕಲ್ಯಾಣ ಮಂಟಪದಲ್ಲಿ ಬೆವರಿಗೆ ಕಚ್ಚಿಕೊಂಡು, ಬಿಡಿಸುವಾಗ ‘ಪಚಕ್’ ಎನ್ನುತ್ತದೆ. ಅದಕ್ಕೇ ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಎರಡು ಅಳತೆಯ ಟಿಪ್ ಇರುತ್ತವೆ.

ಅಳತೆ ನೋಡುವುದು ಹೀಗೆ. ಟಿಪ್ ಹೆಬ್ಬೆರಳಿನ ಮೊದಲ ಗೆಣ್ಣನ್ನು ಮುಚ್ಚಿ ನಿಲ್ಲಬೇಕು. ಪೂರ್ತಿ ಹಾಕಿಕೊಂಡಾಗಲೂ ಬೆರಳ ತುದಿಯ ಮುಂದೆ ಒಳಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಖಾಲಿ ಜಾಗ ಉಳಿಯಬೇಕು. ನಾವು ಅಡಗಿಸುವ ವಸ್ತುವಿಗೆ ಇರುವ ಮನೆ ಅದೊಂದೇ. ಕೈ ಕೆಳಗೆ ಬಿಟ್ಟು ನಾಲ್ಕೈದು ಸಲ ಜೋರಾಗಿ ಕೊಡವಿ. ಬಿದ್ದರೆ ಅದು ನಿಮ್ಮದಲ್ಲ. ಬೀಳದಿದ್ದರೆ ಎಡ ಮುಷ್ಟಿಯಲ್ಲಿ ಮೆತ್ತಗೆ ಹಿಡಿದು ಹೆಬ್ಬೆರಳನ್ನು ಎಳೆದು ನೋಡಿ. ಎಳೆಯುವಾಗ ಬಲಗೈಯ ಭುಜ ಒಂದಿಷ್ಟೂ ಅಲುಗಬಾರದು. ಅಲುಗಿದರೆ ಬಿಗಿ ಹೆಚ್ಚಾಯಿತು ಎಂದೇ ಅರ್ಥ. ಚಳಿಯಲ್ಲಿ ಸ್ವಲ್ಪ ಸಡಿಲವಾದರೆ ಹೆಬ್ಬೆರಳನ್ನು ಒದ್ದೆ ಬಟ್ಟೆಗೆ ಒಮ್ಮೆ ಒತ್ತಿದರೆ ಸಾಕು, ಹಿಡಿತ ಬರುತ್ತದೆ. ಸೆಖೆಯಲ್ಲಿ ಟಿಪ್‌ನ ಒಳಗೆ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ, ತಿರುಗಿಸಿ ತಟ್ಟಿ ಹೊರಗೆ ಚೆಲ್ಲಿ. ಒಳಗೆ ಉಳಿದಷ್ಟು ಪೌಡರ್ ಸಾಕು.

ಮೆತ್ತನೆಯ ವಿನೈಲ್ ಟಿಪ್ಪನ್ನೇ ಕೊಳ್ಳಿ. ಗಟ್ಟಿ ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಮುಷ್ಟಿಯೊಳಗೆ ಸದ್ದು ಮಾಡುತ್ತದೆ, ಅಂಚು ಕತ್ತರಿಸಲು ಹೋದರೆ ಸೀಳುತ್ತದೆ. ಉರಿಯುವ ಸಿಗರೇಟನ್ನು ಮಾಯ ಮಾಡಲು ಲೋಹದ ಟಿಪ್ ಬೇರೆಯೇ ಸಿಗುತ್ತದೆ. ವಿನೈಲ್‌ನಲ್ಲಿ ಆ ಸಾಹಸಕ್ಕೆ ಹೋಗಬೇಡಿ, ಕರಗಿ ಬೆರಳಿಗೆ ಅಂಟುತ್ತದೆ. ವಿನೈಲ್‌ನಲ್ಲೂ ಬಾಯಿಯ ಅಂಚು ದಪ್ಪವಿದ್ದರೆ ಬೆರಳಿಗೆ ಉಂಗುರ ತೊಟ್ಟಂತೆ ಕಾಣುತ್ತದೆ. ಸಣ್ಣ ಕತ್ತರಿಯಲ್ಲಿ ಒಂದೊಂದೇ ಮಿಲಿಮೀಟರ್ ಕತ್ತರಿಸುತ್ತಾ ಬನ್ನಿ. ಪ್ರತಿ ಸುತ್ತಿಗೂ ಹಾಕಿ ನೋಡಿ. ಗೆಣ್ಣಿಗಿಂತ ಮೇಲೆ ಹೋಯಿತೋ, ಟಿಪ್ ಹಾಳಾದಂತೆ.

ಬಣ್ಣದ ವಿಷಯಕ್ಕೆ ಬರೋಣ. ಹೊರದೇಶದ ಟಿಪ್‌ಗಳು ಹೆಚ್ಚಾಗಿ ನಸುಗೆಂಪು, ನಮ್ಮ ಕೈಗೆ ಹೊಂದುವುದಿಲ್ಲ. ಆದರೆ ಗುಟ್ಟು ಬಿಟ್ಟುಕೊಡುವುದು ಬಣ್ಣಕ್ಕಿಂತ ಹೆಚ್ಚಾಗಿ ಹೊಳಪು. ಶಾಲೆಯ ಸಭಾಂಗಣದ ಟ್ಯೂಬ್‌ಲೈಟ್ ಕೆಳಗೆ ಹೊಸ ವಿನೈಲ್ ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಉಗುರಿನ ಭಾಗ ಬಿಟ್ಟು ಉಳಿದದ್ದನ್ನು ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ನಿಮ್ಮ ಮೈಬಣ್ಣದ ಫೌಂಡೇಶನ್ ಕ್ರೀಮ್ ತೆಳುವಾಗಿ ಸವರಿ, ಮೇಲೆ ಪೌಡರ್ ಒತ್ತಿ. ಅಕ್ರಿಲಿಕ್ ಬಣ್ಣ ಬಳಿಯಬೇಡಿ. ವಿನೈಲ್ ಬಾಗಿದಾಗಲೆಲ್ಲ ಅದು ಸಿಪ್ಪೆ ಏಳುತ್ತದೆ, ಆ ಸಿಪ್ಪೆ ಬಿಳಿ ಕರ್ಚೀಫಿನ ಮೇಲೆ ಕಾಣಿಸುತ್ತದೆ. ಸ್ವೆಟರ್ ಹಾಕಿಕೊಳ್ಳುವ ದಿನಗಳಲ್ಲಿ ಇನ್ನೊಂದು ಕಾಟವಿದೆ: ಉಣ್ಣೆಯ ಎಳೆ ಟಿಪ್‌ಗೆ ಹತ್ತಿಕೊಳ್ಳುತ್ತದೆ. ವೇದಿಕೆಗೆ ಹೋಗುವ ಮೊದಲು ಒಮ್ಮೆ ಒರೆಸಿ.

ಕರ್ಚೀಫು ಮಾಯ ಮಾಡಲು ಸಾಧಾರಣ ಅಳತೆಯ ಟಿಪ್‌ಗೆ 9 ಇಂಚು ಚೌಕದ ತೆಳು ರೇಷ್ಮೆ ಸರಿ. 12 ಇಂಚಿನದಕ್ಕೆ ದೊಡ್ಡ ಟಿಪ್ ಬೇಕು. ಪಾಲಿಯೆಸ್ಟರ್ ತರಬೇಡಿ, ತುಂಬಿದ ಮೇಲೂ ಸ್ಪ್ರಿಂಗಿನಂತೆ ಮೇಲಕ್ಕೆ ಬರುತ್ತದೆ. ಅಂಚು ಹೊಲಿಗೆ ದಪ್ಪವಾಗಿದ್ದರೆ ರೇಷ್ಮೆಯೂ ಹಿಡಿಸುವುದಿಲ್ಲ. ಮಳೆಗಾಲದಲ್ಲಿ ಕರ್ಚೀಫು ತೇವ ಕುಡಿದು ಬೆರಳಿಗೆ ಅಂಟುತ್ತದೆ. ಹೊರಡುವ ಮೊದಲು ಇಸ್ತ್ರಿ ಮಾಡಿ ಜಿಪ್ ಕವರಿನಲ್ಲಿ ಹಾಕಿಕೊಳ್ಳುವುದು ನನ್ನ ರೂಢಿ.

ಕೈಚಳಕದಲ್ಲಿ ಎರಡು ಕ್ಷಣಗಳು ಮುಖ್ಯ. ಮೊದಲನೆಯದು ಟಿಪ್ಪನ್ನು ಎಡ ಮುಷ್ಟಿಯಲ್ಲಿ ಬಿಡುವುದು. ಎಡಗೈ ಖಾಲಿ ತೋರಿಸಿ, ಸಡಿಲವಾಗಿ ಮುಷ್ಟಿ ಕಟ್ಟುತ್ತಾ, ‘ಇಲ್ಲೊಂದು ಗೂಡು ಮಾಡ್ತೀನಿ’ ಎನ್ನುವಂತೆ ಬಲ ಹೆಬ್ಬೆರಳನ್ನು ಒಳಗೆ ತೂರಿಸಿ ಹೊರಗೆ ತೆಗೆಯಿರಿ. ಟಿಪ್ ಒಳಗೆ ಉಳಿಯುತ್ತದೆ. ಅದರ ಬಾಯಿ ಎಡ ತೋರುಬೆರಳ ಮಟ್ಟಕ್ಕೆ ಸಮನಾಗಿರಬೇಕು. ಒಂದು ಕೂದಲೆಳೆ ಮೇಲೆ ನಿಂತರೂ ಎತ್ತರದಲ್ಲಿ ಕೂತವರಿಗೆ ಕಾಣುತ್ತದೆ. ನಾಲ್ಕೂ ಬೆರಳು ಸಮವಾಗಿ ಹಿಡಿದಿರಲಿ. ಎರಡೇ ಬೆರಳಲ್ಲಿ ಹಿಡಿದರೆ ಕರ್ಚೀಫು ತುರುಕುವಾಗ ಟಿಪ್ ಒಳಗೇ ತಿರುಗಿ, ಕೊನೆಗೆ ಉಗುರು ಅಂಗೈಯ ಕಡೆಗೆ ಬರುತ್ತದೆ.

ಕರ್ಚೀಫಿನ ಒಂದು ಮೂಲೆಯಿಂದ ಶುರು ಮಾಡಿ, ಎದುರಿನ ಮೂಲೆಯಲ್ಲಿ ಮುಗಿಸಿ. ತೋರುಬೆರಳಲ್ಲಿ ಎರಡು ಸಲ, ಹೆಬ್ಬೆರಳಲ್ಲಿ ಒಂದು ಸಲ, ಮತ್ತೆ ತೋರುಬೆರಳು, ಹೀಗೆ ಬದಲಿಸುತ್ತಾ ಒತ್ತಿದರೆ ಕೊನೆಯಲ್ಲಿ ಹೆಬ್ಬೆರಳು ಒಳಗೆ ಹೋದದ್ದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನೇರವಾಗಿ ಕೆಳಗೆ ಒತ್ತಬೇಕು, ತಿರುಚಬಾರದು. ಇಲ್ಲಿ ಹೆಚ್ಚಿನವರು ಸೋಲುವುದು ಕೊನೆಯ ಮೂಲೆಯಲ್ಲಿ. ಬಟ್ಟೆಯ ತುದಿ ಹೆಬ್ಬೆರಳಿಗೂ ಟಿಪ್‌ಗೂ ನಡುವೆ ಸಿಕ್ಕಿ ನಾಲಿಗೆಯಂತೆ ಹೊರಗೆ ಚಾಚುತ್ತದೆ. ಅದಕ್ಕಾಗಿ ಕೊನೆಯ ತುದಿಯನ್ನು ಮೊದಲು ತೋರುಬೆರಳಿನಿಂದ ಆಳಕ್ಕೆ ಇಳಿಸಿ, ಅರೆಕ್ಷಣ ತಡೆದು, ಆಮೇಲೆ ಹೆಬ್ಬೆರಳು ಹಾಕಬೇಕು.

ಎರಡನೆಯದು ಕರ್ಚೀಫು ತುಂಬಿದ ಟಿಪ್ಪನ್ನು ತೊಟ್ಟು ಹೆಬ್ಬೆರಳು ಹೊರಬರುವ ಕ್ಷಣ. ಆಗ ಕಣ್ಣು ಎಡ ಮುಷ್ಟಿಯ ಮೇಲೇ ಇರಲಿ. ಬಲಗೈ ಅವಸರದಿಂದ ಓಡಿಹೋಗಬಾರದು, ಜೇಬಿಗಂತೂ ಹೋಗಲೇಬಾರದು. ಮುಷ್ಟಿಯ ಕಡೆ ಬೆರಳು ತೋರಿಸುತ್ತಾ ಅಲ್ಲೇ ನಿಲ್ಲಲಿ. ಎಡಗೈಯ ಬೆರಳುಗಳನ್ನು ಕಿರುಬೆರಳಿನಿಂದ ಒಂದೊಂದಾಗಿ ಬಿಚ್ಚಿ. ಬಳಿಕ ಎರಡೂ ಅಂಗೈ ತೋರಿಸುವಾಗ ಹೆಬ್ಬೆರಳ ತುದಿ ನೇರ ನೋಡುವವರ ಕಡೆಗೇ ಇರಲಿ. ಎದುರಿನಿಂದ ಟಿಪ್‌ನ ಉದ್ದವೂ ಅಂಚೂ ಕಾಣುವುದಿಲ್ಲ, ದುಂಡನೆಯ ತುದಿಯಷ್ಟೇ ಕಾಣುತ್ತದೆ. ಪಕ್ಕಕ್ಕೆ ತಿರುಗಿಸಿ ಹಿಡಿದರೆ ಎಷ್ಟು ಒಳ್ಳೆಯ ಟಿಪ್ಪಾದರೂ ಗುಟ್ಟು ಹೊರಬೀಳುತ್ತದೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಬಚ್ಚಿಡುವುದು ಇನ್ನೂ ಕೆಟ್ಟದ್ದು. ‘ಅಂಕಲ್, ಆ ಬೆರಳು ತೋರ್ಸಿ’ ಎಂದು ಮಕ್ಕಳು ಕೂಗುವುದು ಆಗಲೇ.

ಉಪ್ಪಿನ ಆಟವನ್ನು ಬೇರೆಯಾಗಿಯೇ ಹೇಳಬೇಕು. ಮುಷ್ಟಿಗೆ ಉಪ್ಪು ಸುರಿದು ಮಾಯ ಮಾಡಿ, ಮತ್ತೆ ಧಾರೆಯಾಗಿ ಸುರಿಸುವುದು ಬಹಳ ಚೆಂದದ ಪ್ರಯೋಗ. ಟಿಪ್‌ಗೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಹೆಚ್ಚು ಹಾಕಬಾರದು, ಹಾಕಿದರೆ ಹೆಬ್ಬೆರಳು ಉಗುರಿನಷ್ಟೂ ಒಳಗೆ ಹೋಗುವುದಿಲ್ಲ. ಆದರೆ ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಅದು ದಿನನಿತ್ಯದ ಕತೆ. ಟಿಪ್‌ನೊಳಗೆ ಉಪ್ಪು ಗಂಟಾಗಿ, ಮುಷ್ಟಿ ತಲೆಕೆಳಗು ಮಾಡಿದಾಗ ಏನೂ ಬೀಳುವುದಿಲ್ಲ, ಅಥವಾ ಮುದ್ದೆಯಾಗಿ ಬೀಳುತ್ತದೆ. ಬಾಣಲೆಯಲ್ಲಿ ಹುರಿದು ಡಬ್ಬಿಗೆ ಹಾಕಿಟ್ಟರೂ ಸುರಿಯುವ ವೇಳೆಗೆ ತೇವ ಮರಳಿರುತ್ತದೆ. ಜೂನ್ ಬಂದ ಮೇಲೆ ನಾನು ಉಪ್ಪು ಬಿಟ್ಟು ಹುರಿದ ಚಿರೋಟಿ ರವೆ ಬಳಸುತ್ತೇನೆ. ಧಾರೆ ಸರಾಗವಾಗಿ ಬೀಳುತ್ತದೆ, ದೂರದಿಂದಲೂ ಕಾಣುತ್ತದೆ. ಕಾಫಿ ಪುಡಿ ಊರಿಗೆ ಹೊಂದುತ್ತದೆ ಎನ್ನಿಸಬಹುದು. ಅದು ಬೆವರಿನ ಅಂಗೈಗೆ ಕಂದು ಕಲೆ ಹಿಡಿಸುತ್ತದೆ, ‘ಖಾಲಿ’ ಕೈ ತೋರಿಸಲು ಆಗುವುದಿಲ್ಲ.

ಇದೇ ಟಿಪ್‌ನಿಂದ ಮುಷ್ಟಿಯಲ್ಲಿ ವಿಭೂತಿ ‘ಹುಟ್ಟಿಸುವುದೂ’ ಸುಲಭ. ಪವಾಡ ಎಂದು ಹೇಳಿಕೊಂಡು ಅದನ್ನು ಮಾಡುವುದು ತಪ್ಪು ಎಂಬುದು ನನ್ನ ಖಂಡಿತ ಅಭಿಪ್ರಾಯ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ನಾಡು ಇದು. ನಾನು ವಿಭೂತಿ ಬಳಸುವುದೇ ಇಲ್ಲ.

ಹೋಂಸ್ಟೇಗಳಲ್ಲಿ ಬೆಂಕಿಯ ಸುತ್ತ ವೃತ್ತವಾಗಿ ಕೂತವರ ನಡುವೆ ನಿಲ್ಲಬೇಡಿ. ಹಿಂದಿನವರಿಗೆ ಎಲ್ಲವೂ ಕಾಣುತ್ತದೆ. ಜಗಲಿಯ ಗೋಡೆಗೆ ಬೆನ್ನು ಕೊಟ್ಟು, ಎದುರಿಗೆ ಅರ್ಧವೃತ್ತದಲ್ಲಿ ಜನರನ್ನು ಕೂರಿಸಿ, ಹತ್ತಿರದವರಿಗೂ ನಿಮಗೂ ಒಂದೂವರೆ ಮೀಟರ್ ಅಂತರ ಇಟ್ಟುಕೊಳ್ಳಿ. ಬೆಂಕಿ ನಿಮ್ಮ ಮುಂದೆ ನೆಲದಲ್ಲಿದ್ದರೆ ಬೆಳಕು ಕೆಳಗಿನಿಂದ ಬಂದು ಟಿಪ್‌ನ ಅಂಚಿಗೆ ನೆರಳು ಹಾಕುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಿ. ಶಾಲೆಯಲ್ಲಿ ನೆಲದ ಮೇಲೆ ಕೂತ ಮಕ್ಕಳ ಕಣ್ಣು ನಿಮ್ಮ ಕೈಗಿಂತ ಕೆಳಗಿರುತ್ತದೆ, ಆದ್ದರಿಂದ ಕೈಯನ್ನು ಎದೆಯಿಂದ ಹೊಟ್ಟೆಯ ಮಟ್ಟಕ್ಕೆ ಇಳಿಸಿ. ಅಭ್ಯಾಸದಲ್ಲಿ ಮೊಬೈಲನ್ನು ಅದೇ ಎತ್ತರಕ್ಕೆ ಇಟ್ಟು ಎಡ, ನಡು, ಬಲ ಮೂರೂ ಕಡೆಯಿಂದ ಚಿತ್ರೀಕರಿಸಿ ನೋಡಿ. ಕನ್ನಡಿಯಲ್ಲಿ ಕಾಣದ ತಪ್ಪು ಅಲ್ಲಿ ಕಾಣುತ್ತದೆ.

ಜೇಬಿನ ತಳದಲ್ಲಿ ಅಡ್ಡ ಬಿದ್ದ ಟಿಪ್ ಹುಡುಕುವುದು ಕಷ್ಟ. ಪ್ಯಾಂಟಿನ ಬಲ ಜೇಬಿನೊಳಗೆ 8 ಸೆಂಟಿಮೀಟರ್ ಆಳದ ಸಣ್ಣ ಚೀಲ ಹೊಲಿಸಿ, ಟಿಪ್ಪನ್ನು ಬಾಯಿ ಮೇಲಾಗಿ ನಿಲ್ಲಿಸಿ, ಪಕ್ಕದಲ್ಲೇ ಕರ್ಚೀಫು ಇಡಿ. ಕರ್ಚೀಫು ತೆಗೆಯಲು ಹೋದ ಕೈಯೇ ಟಿಪ್ಪನ್ನೂ ಹೊತ್ತು ತರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ಒಳಗೆ ಹತ್ತಿ ಬಟ್ಟೆ ತೂರಿಸಿ ಒರೆಸಿ. ಒಳಗೆ ತೇವ ಉಳಿದರೆ ನಮ್ಮ ಮಳೆಗಾಲದಲ್ಲಿ ಒಂದೇ ವಾರಕ್ಕೆ ಬೂಸು ಹಿಡಿಯುತ್ತದೆ. ಬಿಸಿಲಿಗಾಗಲಿ ಒಲೆಯ ಪಕ್ಕಕ್ಕಾಗಲಿ ಇಟ್ಟು ಒಣಗಿಸಬೇಡಿ, ಆಕಾರ ಕೆಡುತ್ತದೆ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಟ್ಟೆ ಪೆಟ್ಟಿಗೆಯ ನುಸಿಗುಳಿಗೆ ಮಾತ್ರ ಹತ್ತಿರ ಸುಳಿಯಬಾರದು, ಅದರ ಆವಿಗೆ ವಿನೈಲ್ ಅಂಟಂಟಾಗುತ್ತದೆ.