ಹಳೆ ರೇಸಿಂಗ್ ಸೈಕಲ್‌ನ ಬಿ.ಬಿ. ಕಪ್ ಬಿಚ್ಚಿದ್ದು ಹೀಗೆ

ಮಾವ ಕೊಟ್ಟ ಇಂಗ್ಲಿಷ್ ರೇಸಿಂಗ್ ಸೈಕಲ್‌ನ ಚೈನ್ ಕಡೆಯ ಬಿ.ಬಿ. ಕಪ್ (ಬಾಟಮ್ ಬ್ರಾಕೆಟ್, ಅಂದ್ರೆ ಪೆಡಲ್ ತೋಳುಗಳ ನಡುವಿನ ಅಚ್ಚು ತಿರುಗುವ ಜಾಗದಲ್ಲಿ ಫ್ರೇಮಿಗೆ ತಿರುಗಿಸಿ ಕೂರಿಸಿದ ಬಟ್ಟಲು) ಅಲುಗಾಡಲೇ ಇಲ್ಲ. ಕಲಬುರಗಿ ಬಿಸಿಲಲ್ಲಿ ಎರಡು ದಿನ ಸುಮ್ನೆ ಒದ್ದಾಡಿದೆ. ತಪ್ಪು ನನ್ನದೇ: ಇಂಗ್ಲಿಷ್ ಫ್ರೇಮಿನಲ್ಲಿ ಆ ಕಡೆಯ ಮರೆ (ಥ್ರೆಡ್) ಉಲ್ಟಾ, ಬಿಚ್ಚಬೇಕಾದರೆ ಬಲಕ್ಕೇ ತಿರುಗಿಸಬೇಕು. ನಾನು ಎಡಕ್ಕೆ ತಿರುಗಿಸಿ ಇನ್ನೂ ಬಿಗಿ ಮಾಡಿದ್ದೆ! ಇಟಾಲಿಯನ್ ಫ್ರೇಮಾದರೆ ಎರಡೂ ಕಡೆ ಮಾಮೂಲಿ ಮರೆ.

ಕೊನೆಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಚೈನ್ ಕಡೆ ಕೆಳಗೆ ಮಾಡಿ, ಕಪ್ಪಿನ ಚಪ್ಪಟೆ ಅಂಚನ್ನು ವೈಸ್‌ನಲ್ಲಿ (ಮೇಜಿಗೆ ಜೋಡಿಸಿದ ಕಬ್ಬಿಣದ ಇಕ್ಕಳ) ಗಟ್ಟಿಯಾಗಿ ಹಿಡಿಸಿದೆ. ಮೇಲಿಂದ ನೋಡಿದಂತೆ ಫ್ರೇಮನ್ನೇ ಬಲಕ್ಕೆ ತಿರುಗಿಸಿದೆ. ಫ್ರೇಮ್ ಉದ್ದ ಇರೋದರಿಂದ ಸಲೀಸಾಗಿ ಬಂತು. "ಟಕ್" ಅಂದಾಗ ಎಷ್ಟು ಖುಷಿ ಆಯ್ತು ಅಂದ್ರೆ!

ಹಳೆ ಕಪ್, ಆಕ್ಸಲ್ (ಅಚ್ಚು) ಚೆನ್ನಾಗಿದ್ದವು, ಅವನ್ನೇ ತೊಳೆದು ಹಾಕಿದೆ. ಕಾಲು ಇಂಚಿನ ಬೇರಿಂಗ್ ಗುಂಡು ಮಾತ್ರ ಹೊಸವು, ಒಂದೊಂದು ಕಡೆಗೆ 11ರಂತೆ.